ಶನಿವಾರ ರಾತ್ರಿಯ ಇಂಜೆಕ್ಷನ್, ಸಂಜೆ ಐದರ ಮಾತ್ರೆ: ಹೆಪಟೈಟಿಸ್ ಸಿ ಚಿಕಿತ್ಸೆಯಲ್ಲಿ ನಾನು ಮಾಡಿ ನೋಡಿದ್ದು

ಹೆಪಟೈಟಿಸ್ ಸಿ ಎಂಬ ಲಿವರ್‌ನ ವೈರಸ್ ಸೋಂಕಿಗೆ ನಾನು ಎರಡು ಸಲ ಚಿಕಿತ್ಸೆ ತೆಗೆದುಕೊಂಡಿದ್ದೇನೆ. 2012ರಲ್ಲಿ 24 ವಾರ, ಇಂಟರ್‌ಫೆರಾನ್ ಇಂಜೆಕ್ಷನ್ ಜೊತೆಗೆ ರೈಬಾವಿರಿನ್ ಮಾತ್ರೆ. 2016ರಲ್ಲಿ 12 ವಾರ, ಬರೀ ಮಾತ್ರೆ. 1994ರಲ್ಲಿ ಮಗಳು ಹುಟ್ಟಿದಾಗ ನನಗೆ ಎರಡು ಬಾಟಲಿ ರಕ್ತ ಕೊಟ್ಟಿದ್ದರು. ಆಗ ರಕ್ತಕ್ಕೆ ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯ ಇರಲಿಲ್ಲ. ಅಲ್ಲಿಂದಲೇ ಬಂದಿರಬೇಕು ಎಂದರು ಡಾಕ್ಟರ್.

ಎರಡರಲ್ಲಿ ಯಾವುದು ಸುಲಭ ಎಂದು ಕೇಳುವುದೇ ಬೇಡ, ಹೊಸದೇ. ಆದರೆ ಲಿವರ್ ತುಂಬಾ ಹಾಳಾದವರಿಗೆ ಹೊಸ ಮಾತ್ರೆಗಳ ಜೊತೆ ಈಗಲೂ ರೈಬಾವಿರಿನ್ ಕೊಡುತ್ತಾರೆ. ಅಂಥವರಿಗೆ ನನ್ನ ಹಳೆಯ ನೋಟ್‌ಬುಕ್ ಉಪಯೋಗಕ್ಕೆ ಬರಬಹುದು. ನಾನು ಹೈಸ್ಕೂಲ್ ಟೀಚರ್. ಏನು ತಿಂದೆ, ಯಾವಾಗ ಜ್ವರ ಬಂತು, ಎಲ್ಲ ಬರೆದಿಟ್ಟಿದ್ದೆ.

ಇಂಜೆಕ್ಷನ್ ವಿಷಯ ಮೊದಲು. ವಾರಕ್ಕೆ ಒಂದು, ಹೊಟ್ಟೆಯ ಚರ್ಮದ ಕೆಳಗೆ. ಭಾನುವಾರ ರಜೆ ಅಲ್ವಾ ಎಂದು ಮೊದಲ ನಾಲ್ಕು ವಾರ ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಹಾಕಿಸಿಕೊಂಡೆ. ಮಧ್ಯಾಹ್ನ ಎರಡು ಗಂಟೆಗೆ ಚಳಿ ಶುರು. ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ ಎನ್ನುತ್ತಿತ್ತು. ಸಂಜೆಗೆ 102 ಡಿಗ್ರಿ ಜ್ವರ. ಎಚ್ಚರವಾಗಿದ್ದು ಅಷ್ಟನ್ನೂ ಅನುಭವಿಸಬೇಕಿತ್ತು. ಸೋಮವಾರ ಮೊದಲ ಪೀರಿಯಡ್‌ನಲ್ಲಿ ಬೋರ್ಡ್ ಮೇಲೆ ಬರೆಯಲು ಕೈ ಎತ್ತಿದರೆ ಭುಜ ಸೀಳಿದ ಹಾಗೆ ನೋವು.

ಐದನೇ ವಾರದಿಂದ ಶನಿವಾರ ರಾತ್ರಿಗೆ ಬದಲಾಯಿಸಿದೆ. ಎಂಟಕ್ಕೆ ಊಟ, ಒಂಬತ್ತಕ್ಕೆ ಪ್ಯಾರಾಸಿಟಮಾಲ್, ಹತ್ತಕ್ಕೆ ಇಂಜೆಕ್ಷನ್. ಫ್ರಿಜ್‌ನಿಂದ ಅರ್ಧ ಗಂಟೆ ಮೊದಲೇ ತೆಗೆದಿಟ್ಟರೆ ಚುಚ್ಚಿದ ಜಾಗ ಅಷ್ಟು ಉರಿಯುವುದಿಲ್ಲ. ಪಕ್ಕದ ಮನೆಯ ನರ್ಸಕ್ಕ ಬಂದು ಹಾಕಿ ಹೋಗುತ್ತಿದ್ದರು. ಚಳಿ ಬರುವುದು ಬೆಳಗಿನ ಜಾವ, ಅರೆನಿದ್ದೆಯಲ್ಲಿ. ಭಾನುವಾರ ಪೂರ್ತಿ ಮಲಗಲು ಸಿಗುತ್ತದೆ. ಸೋಮವಾರದ ಹೊತ್ತಿಗೆ ಸುಸ್ತು ಮಾತ್ರ ಉಳಿಯುತ್ತಿತ್ತು. ಔಷಧಿ ಅದೇ, ಹೊತ್ತು ಬೇರೆ. ಆ 24 ವಾರದಲ್ಲಿ ನನ್ನನ್ನು ಕೆಲಸದಲ್ಲಿ ಉಳಿಸಿದ್ದು ಇದೊಂದೇ ಬದಲಾವಣೆ ಎಂದು ಈಗಲೂ ನಂಬಿದ್ದೇನೆ. ಪ್ಯಾರಾಸಿಟಮಾಲ್ 500ರದ್ದು ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಬೇಡ, ಬೇರೆ ನೋವಿನ ಮಾತ್ರೆ ಮುಟ್ಟಲೇಬೇಡಿ ಎಂದು ಡಾಕ್ಟರ್ ಕಟ್ಟುನಿಟ್ಟಾಗಿ ಹೇಳಿದ್ದರು.

ರೈಬಾವಿರಿನ್ ದಿನಕ್ಕೆ ನಾಲ್ಕು, ಬೆಳಿಗ್ಗೆ ಎರಡು, ರಾತ್ರಿ ಎರಡು. ಬರೀ ಕಾಫಿ ಜೊತೆ ನುಂಗಿದ ದಿನ ಹೊಟ್ಟೆ ತೊಳಸುತ್ತಿತ್ತು. ಇಡ್ಲಿ ಅಥವಾ ರಾಗಿ ಗಂಜಿಯ ಜೊತೆ ಏನೂ ತೊಂದರೆ ಇರಲಿಲ್ಲ. ದೊಡ್ಡ ತಲೆನೋವು ನಿದ್ದೆಯದು. ಒಂಬತ್ತಕ್ಕೆ ಮಾತ್ರೆ ತೆಗೆದುಕೊಂಡರೆ ಎರಡು ಗಂಟೆವರೆಗೂ ಕಣ್ಣು ಮುಚ್ಚುತ್ತಿರಲಿಲ್ಲ. ಬಿಸಿ ಹಾಲು, ಗಸಗಸೆ ಪಾಯಸ, ಪಾದಕ್ಕೆ ಹರಳೆಣ್ಣೆ, ಎಲ್ಲ ಮಾಡಿ ನೋಡಿದೆ. ಕೊನೆಗೆ ಡಾಕ್ಟರನ್ನು ಕೇಳಿ, ರಾತ್ರಿಯ ಎರಡನ್ನು ಸಂಜೆ ಐದಕ್ಕೆ ಉಪ್ಪಿಟ್ಟಿನ ಜೊತೆ ತೆಗೆದುಕೊಳ್ಳತೊಡಗಿದೆ. ಹನ್ನೊಂದಕ್ಕೆ ನಿದ್ದೆ ಬಂತು. ಹಾಲು, ಪಾಯಸ ತಪ್ಪೇನಲ್ಲ, ಆದರೆ ಗಡಿಯಾರದಷ್ಟು ಕೆಲಸ ಅವು ಮಾಡಲಿಲ್ಲ.

ಎಂಟನೇ ವಾರ ಹಿಮೋಗ್ಲೋಬಿನ್ 12.4ರಿಂದ 9.6ಕ್ಕೆ ಇಳಿಯಿತು. ಮೆಟ್ಟಿಲು ಹತ್ತಿದರೆ ಏದುಸಿರು. ಅತ್ತೆ ಬೀಟ್‌ರೂಟ್ ಪಲ್ಯ, ಖರ್ಜೂರ, ದಾಳಿಂಬೆ ಎಂದು ಪ್ರೀತಿಯಿಂದ ತಿನ್ನಿಸಿದರು. ಎರಡು ವಾರ ಬಿಟ್ಟು ನೋಡಿದರೆ 9.4. ಡಾಕ್ಟರ್ ಆಗ ಬಿಡಿಸಿ ಹೇಳಿದರು. ಇದು ಕಬ್ಬಿಣದ ಅಂಶ ಕಡಿಮೆಯಾಗಿ ಬಂದ ರಕ್ತಹೀನತೆ ಅಲ್ಲ, ರೈಬಾವಿರಿನ್ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಹಾಗಾಗಿ ತಿಂದು ತುಂಬಿಸಲು ಆಗುವುದಿಲ್ಲ. ಕಬ್ಬಿಣದ ಮಾತ್ರೆಯನ್ನು ನಾವೇ ಅಂಗಡಿಯಿಂದ ತಂದು ನುಂಗುವುದೂ ಬೇಡ, ಲಿವರ್‌ಗೆ ಅದು ಹೊರೆ. ಅವರು ದಿನಕ್ಕೆ ಒಂದು ರೈಬಾವಿರಿನ್ ಮಾತ್ರೆ ಕಡಿಮೆ ಮಾಡಿದರು. ಮೂರು ವಾರದಲ್ಲಿ 10.5 ಆಯಿತು. ಪ್ರಮಾಣ ಇಳಿಸುವುದು ಡಾಕ್ಟರ್ ಕೆಲಸ, ನಾವೇ ಬಿಡುವ ಹಾಗಿಲ್ಲ.

ಮೈ ತುರಿಕೆಗೆ ಕ್ಯಾಲಮೈನ್ ಲೋಷನ್‌ಗಿಂತ ಸ್ನಾನದ ನಂತರ ಒದ್ದೆ ಮೈಗೇ ಹಚ್ಚಿದ ಕೊಬ್ಬರಿ ಎಣ್ಣೆ ಹಿಡಿಸಿತು. ಕಡಲೆಹಿಟ್ಟು ಬೇಡ, ಇನ್ನೂ ಒಣಗಿಸುತ್ತದೆ. ಎರಡೂವರೆ ಲೀಟರ್ ನೀರು ಕುಡಿದ ದಿನ ತಲೆಭಾರ ಕಡಿಮೆ. ಕೂದಲು ಉದುರಿತು, ಮುಗಿದ ಮೇಲೆ ಮತ್ತೆ ಬಂತು.

ಮನಸ್ಸಿನ ವಿಷಯ ಹೇಳಲೇಬೇಕು. ಗೌರಿ ಹಬ್ಬದ ಹೊತ್ತಿಗೆ 15ನೇ ವಾರ. ಹೋಮ್‌ವರ್ಕ್ ತರದ ಒಬ್ಬ ಹುಡುಗಿಗೆ ಎಷ್ಟು ಕಿರುಚಿದೆ ಎಂದರೆ ಕ್ಲಾಸ್ ಪೂರ್ತಿ ತಲೆ ತಗ್ಗಿಸಿ ಕೂತಿತ್ತು. ಮನೆಗೆ ಬಂದು ಬಾಗಿನದ ಮೊರದ ಮುಂದೆ ಕೂತು ಸುಮ್ನೆ ಅತ್ತೆ. ಯಾಕೆ ಎಂದು ನನಗೇ ಗೊತ್ತಿಲ್ಲ. ಒಂದು ತಿಂಗಳು ಮನಸ್ಸು ಗಟ್ಟಿ ಮಾಡಿಕೊಂಡರೆ ಸರಿಹೋಗುತ್ತದೆ ಎಂದು ಯಾರಿಗೂ ಹೇಳದೆ ಇದ್ದೆ. ಬೆಳಿಗ್ಗೆ ವಾಕಿಂಗ್, ದೇವರನಾಮ ಎಲ್ಲ ಮಾಡಿದೆ. ಇನ್ನೂ ಕೆಳಗೆ ಹೋದೆ. ಕೊನೆಗೆ ನಮ್ಮ ಯಜಮಾನರೇ ಡಾಕ್ಟರ್ ಮುಂದೆ ಬಾಯಿ ಬಿಟ್ಟರು. ಖಿನ್ನತೆ ಇಂಟರ್‌ಫೆರಾನ್‌ನ ಗೊತ್ತಿರುವ ಅಡ್ಡಪರಿಣಾಮ, ನೀವು ಮೊದಲೇ ಹೇಳಬೇಕಿತ್ತು ಎಂದರು ಅವರು. ಮನೋವೈದ್ಯರು ಒಂದು ಮಾತ್ರೆ ಕೊಟ್ಟರು. ಮೂರು ವಾರ ಹಿಡಿಯಿತು, ಆದರೆ ಮೋಡ ಸರಿದ ಹಾಗೆ ಆಯಿತು. ಮುಚ್ಚಿಟ್ಟ ಆ ತಿಂಗಳು ನನಗೆ, ನನ್ನ ಮಗಳಿಗೆ ಇಬ್ಬರಿಗೂ ನಷ್ಟ. ದಯವಿಟ್ಟು ಮೊದಲ ವಾರವೇ ಹೇಳಿ.

ಇಷ್ಟೆಲ್ಲ ಪಟ್ಟರೂ ಚಿಕಿತ್ಸೆ ಮುಗಿದ ಆರು ತಿಂಗಳಿಗೆ ವೈರಸ್ ಮತ್ತೆ ಕಾಣಿಸಿತು.

2015ರಲ್ಲಿ ಸೊಫೊಸ್‌ಬುವಿರ್ ಎಂಬ ಹೊಸ ಮಾತ್ರೆ ನಮ್ಮ ದೇಶದ ಕಂಪನಿಗಳಿಂದಲೇ ಬರತೊಡಗಿತು. ಮರುವರ್ಷ ಜನವರಿಯಲ್ಲಿ ಅದನ್ನೂ ಡಕ್ಲಾಟಾಸ್ವಿರನ್ನೂ ದಿನಕ್ಕೆ ಒಂದೊಂದರಂತೆ ಶುರು ಮಾಡಿದೆ. ಎರಡು ವಾರ ಸಣ್ಣ ತಲೆನೋವು, ಸ್ವಲ್ಪ ಸುಸ್ತು, ಅಷ್ಟೇ. ರಾತ್ರಿ ತೆಗೆದುಕೊಂಡಾಗ ನಿದ್ದೆ ತಡವಾಗುತ್ತಿತ್ತು, ಬೆಳಿಗ್ಗೆ ತಿಂಡಿಯ ನಂತರಕ್ಕೆ ತಂದೆ, ಸರಿಹೋಯಿತು. ಇಲ್ಲಿ ಕಷ್ಟ ಬೇರೆ. ಜ್ವರ ಇಲ್ಲ, ಚಳಿ ಇಲ್ಲ. ಹಾಗಾದರೆ ಔಷಧಿ ಕೆಲಸ ಮಾಡುತ್ತಿದೆಯಾ ಎಂಬ ಭಯ. ನೋವು ಕೊಡದ ಔಷಧಿಯನ್ನು ನಂಬಲು ನನಗೆ ಆಗುತ್ತಿರಲಿಲ್ಲ. ಮುಗಿದ 12 ವಾರದ ನಂತರ, ಜುಲೈನಲ್ಲಿ, ವೈರಲ್ ಲೋಡ್ ರಿಪೋರ್ಟ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಪರೀಕ್ಷೆಯದು, ಬಂತು. ವೈರಸ್ ಇಲ್ಲ.

ಈಗ ಸೊಫೊಸ್‌ಬುವಿರ್ ಮತ್ತು ವೆಲ್ಪಟಾಸ್ವಿರ್ ಸೇರಿದ ಒಂದೇ ಮಾತ್ರೆಯನ್ನೂ ಕೊಡುತ್ತಾರೆ. ನಾನು ಅದನ್ನು ತೆಗೆದುಕೊಂಡಿಲ್ಲ. ಆದರೆ ಒಂದು ಮಾತು. ಅಸಿಡಿಟಿ ಮಾತ್ರೆ ನುಂಗುವ ಅಭ್ಯಾಸ ಇದ್ದರೆ ಮೊದಲೇ ಡಾಕ್ಟರ್‌ಗೆ ಹೇಳಿ, ಅದು ವೆಲ್ಪಟಾಸ್ವಿರ್ ಮೈಗೆ ಹಿಡಿಯುವುದನ್ನು ತಗ್ಗಿಸುತ್ತದೆ. 2018ರ ಜುಲೈ 28ರಂದು ಶುರುವಾದ ಹೆಪಟೈಟಿಸ್ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಔಷಧಿ ಉಚಿತ.

ಆಂಟಿಬಾಡಿ ಪರೀಕ್ಷೆ (ವೈರಸ್ ವಿರುದ್ಧ ಮೈ ತಯಾರಿಸಿದ ಪ್ರತಿಕಾಯ ಇದೆಯಾ ಎಂದು ನೋಡುವುದು) ನನಗೆ ಈಗಲೂ ಪಾಸಿಟಿವ್ ಬರುತ್ತದೆ, ವಾಸಿಯಾದವರಿಗೂ ಹಾಗೇ. ಕಣ್ಣಿನ ಆಪರೇಷನ್‌ಗೆ ಮುಂಚೆ ಅದನ್ನು ನೋಡಿ ನರ್ಸ್ ಗಾಬರಿಯಾದರು. ಬ್ಯಾಗಿನಿಂದ 2016ರ ರಿಪೋರ್ಟ್ ತೆಗೆದು ತೋರಿಸಿದೆ. ಅದರ ಜೆರಾಕ್ಸ್ ಒಂದು ಯಾವಾಗಲೂ ನನ್ನ ಹತ್ತಿರ ಇರುತ್ತದೆ.