ಪಾಪ್, ಏಳಿಂಚು, ಹನ್ನೆರಡಿಂಚು: ಮಂಗಳೂರಿನ ಮಳೆಗೆ ಯಾವ ಡಾನ್ ತಡೀತಾನೆ?

ಗ್ಯಾಂಗ್‌ಸ್ಟರ್ ಫಿಲ್ಮಿನ ಕ್ಯಾರೆಕ್ಟರ್‌ಗಳ ಫಿಗರ್ (ಶೋಕೇಸಲ್ಲಿಡುವ ಗೊಂಬೆ) ತಗೊಳ್ಳುದಾದ್ರೆ ಯಾವ ಸೈಜು ಒಳ್ಳೇದು ಅಂತ ಕೇಳಿದ್ರೆ ಬೆಂಗಳೂರಿನವರು ಹೇಳುವ ಉತ್ತರ ನಮ್ಗೆ ಆಗುದಿಲ್ಲ ಮಾರಾಯ್ರೆ, ಅವರಿಗೆ ಇಲ್ಲಿನ ಜೂನ್ ಜುಲೈ ಎಂತ ಅಂತ ಗೊತ್ತಿಲ್ಲ. ನನ್ನ ಹತ್ರ ಫಂಕೋ ಪಾಪ್, ಏಳಿಂಚಿನದ್ದು, 12 ಇಂಚಿನದ್ದು, ಮೂರು ಥರದ್ದೂ ಉಂಟು, ಕಂಕನಾಡಿಯ ಮನೆಯ ಒಂದೇ ಶೋಕೇಸಲ್ಲಿ ಕೆಲವು ಮಳೆಗಾಲ ಕಳೆದಿದ್ದಾವೆ.

ಫಂಕೋ ಪಾಪ್, ಅಂದ್ರೆ ಫಂಕೋ ಕಂಪೆನಿಯ ದೊಡ್ಡ ತಲೆಯ ಗೊಂಬೆ, ಮಳೆಗೆ ಜಗ್ಗುವುದೇ ಇಲ್ಲ. ನಾಲ್ಕಿಂಚು ಹತ್ರ, ಇಡೀ ವಿನೈಲ್ ಪ್ಲಾಸ್ಟಿಕ್, ಬಟ್ಟೆ ಇಲ್ಲ, ರೇಟೂ ಕಡಿಮೆ, ಒರೆಸಿ ಇಟ್ರೆ ಮುಗೀತು. ಆದ್ರೆ ಗುರುತು ಹಿಡಿಯುವಂಥ ಮುಖ ಇಲ್ಲ. ಸೂಪರ್‌ಹೀರೋ ಆದ್ರೆ ಮಾಸ್ಕ್ ನೋಡಿದ್ರೆ ಸಾಕು, ಕ್ರೈಮ್ ಫಿಲ್ಮಿನವರಿಗೆ ಎಂತ ಉಂಟು ಹೇಳಿ, ಒಂದು ಸೂಟು, ಒಂದು ಸಿಗರೇಟು, ಮತ್ತೆ ಮುಖ. 1992ರ ರಿಸರ್ವಾಯರ್ ಡಾಗ್ಸ್ ಫಿಲ್ಮಿನ ಗ್ಯಾಂಗನ್ನೇ ತಗೊಳ್ಳಿ, ಎಲ್ರಿಗೂ ಅದೇ ಕಪ್ಪು ಸೂಟು ಬಿಳಿ ಶರ್ಟು ಸಪೂರ ಟೈ, ಅದಕ್ಕೆ ಎರಡು ಕಪ್ಪು ಗುಂಡಿ ಕಣ್ಣು ಇಟ್ರೆ ಮಿಸ್ಟರ್ ಪಿಂಕ್ ಯಾರು, ಮಿಸ್ಟರ್ ವೈಟ್ ಯಾರು?

ಮುಖ ಬೇಕಾದ್ರೆ 12 ಇಂಚಿನದ್ದೇ, ಅದ್ರಲ್ಲಿ ಎರಡು ಮಾತಿಲ್ಲ. ಮಣಿಪಾಲದ ಫ್ರೆಂಡ್ ಹತ್ರ ಹಾಟ್ ಟಾಯ್ಸ್ ಕಂಪೆನಿಯ ಡಿಎಕ್ಸ್ ಸೀರೀಸಿನ ಜೋಕರ್ ಉಂಟು, ದಿ ಡಾರ್ಕ್ ನೈಟ್ ಫಿಲ್ಮಿನದ್ದು, ತಲೆಯ ಹಿಂದಿನ ಭಾಗ ತೆಗೆದು ಕಣ್ಣುಗುಡ್ಡೆ ತಿರುಗಿಸಬಹುದು, ಪೇಂಟ್ ಹತ್ತಿರದಿಂದ ನೋಡಿದ್ರೂ ಪೇಂಟ್ ಅಂತ ಅನಿಸುದಿಲ್ಲ. ಆದ್ರೆ ಈ ಸೈಜಿನವಕ್ಕೆ ಹೆಚ್ಚಾಗಿ ನಿಜವಾದ ಬಟ್ಟೆ ಹಾಕಿರ್ತಾರೆ, ನಮ್ಮ ಕಡೆ ತಲೆನೋವು ಶುರುವಾಗುದೇ ಅಲ್ಲಿ. ನನ್ನ ಒಂದು ಗ್ಯಾಂಗ್‌ಸ್ಟರಿಗೆ (ಬೇರೆ ಕಂಪೆನಿಯದ್ದು, ಹೆಸರು ಬೇಡ) ರೆಕ್ಸಿನ್ ಜಾಕೆಟ್, ಮಳೆ ಬಿಟ್ಟ ಮೇಲೆ ತೆಗೆದು ನೋಡಿದ್ರೆ ಮೊಣಕೈ ಹತ್ರ ಹಳೆ ಗೋಡೆಯ ಸುಣ್ಣ ಎದ್ದ ಹಾಗೆ ಚಕ್ಕೆ ಚಕ್ಕೆ, ಬೆರಳಿಗೆಲ್ಲ ಕಪ್ಪು ಪುಡಿ. ಇಂಥ ರೆಕ್ಸಿನ್ ಮೇಲಿನ ಪಾಲಿಯುರಥೇನ್ (ಒಂದು ಥರದ ಪ್ಲಾಸ್ಟಿಕ್) ಕೋಟಿಂಗನ್ನು ಗಾಳಿಯ ತೇವವೇ ಒಡೀತದೆ, ಮುಟ್ಟದೆ ಬಾಕ್ಸಲ್ಲಿಟ್ರೂ ಬಿಡುದಿಲ್ಲ, ಎದ್ದ ಮೇಲೆ ರಿಪೇರಿ ಇಲ್ಲ. ಬಟ್ಟೆಯ ಕೋಟಿಗಾದ್ರೆ ಬೂಸ್ಟು ಬರ್ತದೆ, ಅದನ್ನು ಬ್ರಷಿನಲ್ಲಿ ತೆಗೀಬಹುದು. 12 ಇಂಚಿನದ್ದಕ್ಕೆ ರೇಟೂ ಜಾಸ್ತಿ, ಮೇಲಿಂದ ಕಸ್ಟಮ್ಸ್ ಬೇರೆ, ಆಟಿಕೆಗಳ ಇಂಪೋರ್ಟ್ ಡ್ಯೂಟಿ 2020ರಲ್ಲಿ 20ರಿಂದ ಶೇ. 60ಕ್ಕೆ, 2023ರಲ್ಲಿ 70ಕ್ಕೆ ಏರಿತ್ತು.

ಹಾಗಾಗಿ ನನ್ನ ಓಟು ಏಳಿಂಚಿಗೆ. ನೆಕಾ, ಮೆಜ್ಕೋ ಕಂಪೆನಿಗಳ ಕೆಲವು ಫಿಗರ್ ಈ ಸೈಜಿನವು. ಮೆಜ್ಕೋದ ಟೋನಿ ಮೊಂಟಾನಾ (ಸ್ಕಾರ್‌ಫೇಸ್ ಫಿಲ್ಮಿನ ಡಾನ್) ಈಗ ಸೆಕೆಂಡ್‌ಹ್ಯಾಂಡ್ ಮಾತ್ರ, ಆದ್ರೂ ಹುಡುಕಿ ತಗೊಳ್ಳಿ ಅಂತ್ಲೇ ಹೇಳ್ತೇನೆ. ಸೂಟಿನ ಮಡಿಕೆ ಎಲ್ಲ ಪ್ಲಾಸ್ಟಿಕ್‌ನಲ್ಲೇ ಕೆತ್ತಿದ್ದು, ಚಕ್ಕೆ ಏಳುದಕ್ಕೆ ಎಂತದ್ದೂ ಇಲ್ಲ, ಆ ಸಿಟ್ಟು ಮುಖ ದೂರದಿಂದಲೇ ಗೊತ್ತಾಗ್ತದೆ. ಕೋಟು ಗಟ್ಟಿ ಇರುವ ಕಾರಣ ಇಂಥವನ್ನು ಕೂರಿಸ್ಲಿಕ್ಕೆ ಆಗುದಿಲ್ಲ, ಡಾನ್ ನಿಂತೇ ಇರ್ಬೇಕು, ನನಗದು ಅಡ್ಡಿ ಇಲ್ಲ.

ಏಳಿಂಚಿನದ್ದಕ್ಕೆ ಕಷ್ಟ ಮಳೆಗಾಲ ಅಲ್ಲ, ಏಪ್ರಿಲ್ ಮೇ. ಸೆಕೆಗೆ ಸಪೂರ ಕಾಲು ಮೆತ್ತಗಾಗಿ ಫಿಗರ್ ಮುಂದಕ್ಕೆ ವಾಲ್ತದೆ. ಬಿಸಿನೀರಲ್ಲಿ ಸ್ವಲ್ಪ ಹೊತ್ತು ಕಾಲು ಮುಳುಗಿಸಿ, ನೆಟ್ಟಗೆ ಮಾಡಿ ತಕ್ಷಣ ತಣ್ಣೀರಿಗೆ ಹಾಕಿದ್ರೆ ನಿಲ್ತದೆ. ಮೈ ಅಂಟಂಟು ಆದ್ರೆ ಅದು ಪಿವಿಸಿ ಮೆತ್ತಗಿರ್ಲಿ ಅಂತ ಹಾಕಿದ ಎಣ್ಣೆಯಂಥ ಕೆಮಿಕಲ್ ಹೊರಗೆ ಬರುದು, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿ ತೊಳೆದು ಗಾಳಿಗಿಡಿ. ಕಪಾಟಿಗೆ ತೇವ ಹೀರುವ ಸಿಲಿಕಾ ಜೆಲ್ ಕಾಳು ಹಾಕಿ, ಬಣ್ಣ ಬದಲಾಗುವಂಥದ್ದು ತಗೊಂಡ್ರೆ ಯಾವಾಗ ಬಿಸಿ ಮಾಡಿ ಒಣಗಿಸ್ಬೇಕು ಅಂತ ಗೊತ್ತಾಗ್ತದೆ. ನುಸಿಗುಳಿಗೆ ಮಾತ್ರ ಬೇಡ, ಅದರ ಆವಿ ಕೆಲವು ಪ್ಲಾಸ್ಟಿಕ್ಕನ್ನು ಹಾಳು ಮಾಡ್ತದೆ.

12 ಇಂಚಿನದ್ದು ಇನ್ನು ಒಂದೇ ತಗೊಳ್ಳುದು, ಗಾಡ್‌ಫಾದರ್‌ನ ವಿಟೋ ಕೊರ್ಲಿಯೋನ್. ಟಕ್ಸೀಡೋ, ಎದೆಯಲ್ಲಿ ಕೆಂಪು ಗುಲಾಬಿ, ಜಾಕೆಟ್ ಬಟ್ಟೆಯದ್ದು. ಶೂ ರೆಕ್ಸಿನ್‌ದ್ದಾ ಪ್ಲಾಸ್ಟಿಕ್‌ದ್ದಾ ಅಂತ ಕೇಳಿಯೇ ದುಡ್ಡು ಕೊಡುದು.