ಹೋಗುವಾಗ ನೇರ ವಿಮಾನ, ಬರುವಾಗ ಹೇಗಾದರೂ ಸರಿ

ಯೂರೋಪಿಗೆ ನಾವಿಬ್ಬರೂ ಎರಡು ಸಲ ಹೋಗಿ ಬಂದಿದ್ದೇವೆ. 2023ರ ಮೇ ತಿಂಗಳಲ್ಲಿ ಪ್ಯಾರಿಸ್‌ಗೆ, ಗಲ್ಫ್‌ನಲ್ಲಿ ಇಳಿದು ಇನ್ನೊಂದು ವಿಮಾನ ಹತ್ತಿ. 2025ರ ಮೇನಲ್ಲಿ ಬೆಂಗಳೂರಿನಿಂದ ನೇರವಾಗಿ ಫ್ರಾಂಕ್‌ಫರ್ಟ್‌ಗೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನೇರ ವಿಮಾನಕ್ಕೆ. ತಲೆಗೆ ಹದಿನಾರು ಸಾವಿರ ಜಾಸ್ತಿ ಕೊಟ್ಟೆವು. ನಾಲ್ಕು ವರ್ಷ ಚೀಟಿ ಕಟ್ಟಿ ಕೂಡಿಟ್ಟ ದುಡ್ಡಿನಲ್ಲಿ ಮೂವತ್ತೆರಡು ಸಾವಿರ ಅಂದರೆ ಸಣ್ಣದಲ್ಲ. ಆದರೂ ಕೊಟ್ಟಿದ್ದಕ್ಕೆ ಒಂದು ದಿನವೂ ಬೇಜಾರಾಗಿಲ್ಲ.

ಮೈಸೂರಿನವರಿಗೆ ಪ್ರಯಾಣ ಶುರುವಾಗುವುದು ವಿಮಾನದಲ್ಲಿ ಅಲ್ಲ, ಬಸ್ಸಿನಲ್ಲಿ. ಕುವೆಂಪುನಗರದ ಮನೆಯಿಂದ ದೇವನಹಳ್ಳಿಗೆ ಹತ್ತಿರ ಹತ್ತಿರ 180 ಕಿ.ಮೀ. ಎರಡು ಸಲವೂ ರಾತ್ರಿ ಎಂಟರ ಹೊತ್ತಿಗೆ ಫ್ಲೈಬಸ್ ಹತ್ತಿದೆವು. ಅಲ್ಲಿಗೆ ಹೋಗಿ ಸೇರುವಷ್ಟರಲ್ಲಿ ನಡುರಾತ್ರಿ. ಎರಡೂ ವಿಮಾನ ಹೊರಡುವುದು ನಸುಕಿನಲ್ಲಿ. ಅಂದರೆ ವಿಮಾನ ಹತ್ತುವ ಮೊದಲೇ ಅರ್ಧ ರಾತ್ರಿಯ ನಿದ್ದೆ ಹೋಗಿರುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದೆ ಟಿಕೆಟ್ ಬುಕ್ ಮಾಡಬಾರದು.

ಈಗ 2023ರ ಕಥೆ. ಗಲ್ಫ್‌ನಲ್ಲಿ ವಿಮಾನ ಬದಲಿಸಲು ಒಂದೂವರೆ ಗಂಟೆ ಇತ್ತು. ಟಿಕೆಟ್ ಆರಿಸಿದವಳು ನಾನೇ. ಒಟ್ಟು ಪ್ರಯಾಣದ ಸಮಯ ಕಡಿಮೆ ಕಾಣಿಸಿತು, ಒಂದೇ ಕಂಪನಿ, ಒಂದೇ ಟಿಕೆಟ್, ಇನ್ನೇನು ಅಂದುಕೊಂಡೆ. ಬೆಂಗಳೂರಿನಲ್ಲಿ ವಿಮಾನ ಎರಡು ಗಂಟೆ ತಡವಾಗಿ ಮೇಲೆದ್ದಿತು. ಯಾವುದೋ ತಾಂತ್ರಿಕ ಕಾರಣ ಅಂದರು. ನಾವು ಗಲ್ಫ್‌ನಲ್ಲಿ ಇಳಿದಾಗ ಪ್ಯಾರಿಸ್ ವಿಮಾನ ಹೋಗಿಯಾಗಿತ್ತು.

ಒಂದೇ ಟಿಕೆಟ್ ಆಗಿದ್ದರಿಂದ ಮಧ್ಯಾಹ್ನದ ವಿಮಾನದಲ್ಲಿ ಜಾಗ ಕೊಟ್ಟರು, ದುಡ್ಡು ಕೇಳಲಿಲ್ಲ. ಬೇರೆ ಬೇರೆ ಟಿಕೆಟ್ ಮಾಡಿಸಿದ್ದರೆ ಅದೂ ಇಲ್ಲ, ಹೊಸ ಟಿಕೆಟನ್ನೇ ಕೊಳ್ಳಬೇಕಿತ್ತು. ಆದರೆ ಆ ಆರು ಗಂಟೆ ಕುರ್ಚಿಯಲ್ಲಿ ಕೂತೇ ಕಳೆದೆವು. ನಮ್ಮ ಮನೆಯವರ ಬಿಪಿ ಮಾತ್ರೆ ಚೆಕ್‌ಇನ್ ಮಾಡಿದ ಸೂಟ್‌ಕೇಸಿನಲ್ಲಿತ್ತು. "ನಾಳೆ ಬೆಳಿಗ್ಗೆ ತಗೊಂಡರಾಯ್ತು ಬಿಡೇ" ಅಂದರು. ನನಗೆ ಮಾತ್ರ ಅವರ ಮುಖ ನೋಡುತ್ತಾ ಕೂರುವುದು ಬಿಟ್ಟು ಬೇರೆ ಕೆಲಸ ಇರಲಿಲ್ಲ.

ಪ್ಯಾರಿಸ್ ತಲುಪಿದಾಗ ಸೋಮವಾರ ರಾತ್ರಿ ಎಂಟು. ಸೂಟ್‌ಕೇಸ್ ಬಂದಿರಲಿಲ್ಲ. ಇಂಥ ಹೊತ್ತಿನಲ್ಲಿ ಬೆಲ್ಟ್ ಪಕ್ಕದ ಕೌಂಟರ್‌ನಲ್ಲಿ ಲಿಖಿತ ದೂರು ಕೊಟ್ಟು, ನಂಬರ್ ತೆಗೆದುಕೊಂಡೇ ಹೊರಗೆ ಬರಬೇಕು. ನಾವು ಹಾಗೇ ಮಾಡಿದೆವು. ಸೂಟ್‌ಕೇಸ್ ಹೋಟೆಲಿಗೆ ಬಂದಿದ್ದು ಮರುದಿನ ಸಂಜೆ.

ನಿಜವಾದ ನಷ್ಟ ಅದಲ್ಲ. ಸೋಮವಾರ ಸಂಜೆ ನಾಲ್ಕಕ್ಕೆ ಲೂವ್ರ್ ಮ್ಯೂಸಿಯಂ ಟಿಕೆಟ್ ತೆಗೆದಿಟ್ಟಿದ್ದೆವು. ಮಂಗಳವಾರ ಲೂವ್ರ್‌ಗೆ ರಜೆ. ಬುಧವಾರ ಬೆಳಿಗ್ಗೆ ಜಿನೀವಾ ರೈಲು. ಮೋನಾಲಿಸಾ ಇರುವ ಊರಿನಲ್ಲಿ ಎರಡು ರಾತ್ರಿ ಮಲಗಿ, ಅವಳನ್ನು ನೋಡದೇ ಹೊರಟೆವು. ಇವರು ಕಾಲೇಜಿನ ದಿನಗಳಿಂದ ಆಸೆ ಇಟ್ಟುಕೊಂಡಿದ್ದ ಜಾಗ ಅದು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದೇ ನನಗೆ ಇವತ್ತಿಗೂ ನೋವು.

ಪರಿಹಾರದ ವಿಷಯ ಆಮೇಲೆ ತಿಳಿಯಿತು. ಯೂರೋಪಿನಲ್ಲಿ 261/2004 ಅಂತ ಒಂದು ನಿಯಮ ಇದೆ. ಬೆಂಗಳೂರಿನಷ್ಟು ದೂರದಿಂದ, ಅಂದರೆ 3,500 ಕಿ.ಮೀ.ಗಿಂತ ಜಾಸ್ತಿ ಹಾರಿ, ನಾಲ್ಕು ಗಂಟೆಗಿಂತ ತಡವಾಗಿ ಕೊನೆಯ ಊರು ತಲುಪಿದರೆ ತಲೆಗೆ 600 ಯೂರೋ ಕೇಳಬಹುದು. ಬಿರುಗಾಳಿಯಂಥ ಕಾರಣಕ್ಕೆ ತಡವಾದರೆ ಸಿಗುವುದಿಲ್ಲ. ಆದರೆ ಭಾರತದಿಂದ ಹೋಗುವಾಗ ಇದು ಅನ್ವಯ ಆಗುವುದು ಐರೋಪ್ಯ ಒಕ್ಕೂಟದ ವಿಮಾನ ಕಂಪನಿಗಳಿಗೆ ಮಾತ್ರ. ಗಲ್ಫ್ ಕಂಪನಿಯಲ್ಲಿ ಹೋದ ನಮಗೆ ಆ ಬಾಗಿಲೇ ಇರಲಿಲ್ಲ. ಟಿಕೆಟ್ ದರ ಹೋಲಿಸುವಾಗ ಇದನ್ನು ಯಾರೂ ಹೇಳುವುದಿಲ್ಲ, ಅಲ್ವಾ?

2025ರಲ್ಲಿ ನೇರ ವಿಮಾನ. ಏರ್‌ಪೋರ್ಟಿನಲ್ಲೇ ಕೂತು ಡಬ್ಬಿಯ ಚಪಾತಿ, ಪಲ್ಯ ತಿಂದೆವು. ಮೂರು ಗಂಟೆಗೆ ವಿಮಾನ. ಹತ್ತಿದ ಕೂಡಲೇ ಊಟಕ್ಕೆ ಎಬ್ಬಿಸಬೇಡಿ ಅಂತ ಹೇಳಿ ಮಲಗಿದೆವು. ಸರಿಯಾಗಿ ಆರು ಗಂಟೆ ನಿದ್ದೆ. ಗಲ್ಫ್ ದಾರಿಯಲ್ಲಿ ಇದು ಆಗುವುದೇ ಇಲ್ಲ. ಕಣ್ಣು ಹತ್ತುವಷ್ಟರಲ್ಲಿ ಇಳಿಯಬೇಕು, ಮತ್ತೆ ಬ್ಯಾಗ್ ತಪಾಸಣೆ, ಮತ್ತೆ ಸಾಲು. ಬೇಸಿಗೆಯಲ್ಲಿ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ. ಹಾಗಾಗಿ ಇಳಿದಾಗ ಅಲ್ಲಿ ಬೆಳಿಗ್ಗೆ ಒಂಬತ್ತು. ಇಡೀ ದಿನ ಕೈಯಲ್ಲಿತ್ತು.

ಫ್ರಾಂಕ್‌ಫರ್ಟ್ ಏರ್‌ಪೋರ್ಟಿಗೇ ದೂರದ ರೈಲುಗಳ ನಿಲ್ದಾಣ ಅಂಟಿಕೊಂಡಿದೆ. ಅಲ್ಲಿಂದ ಕೊಲೋನ್‌ಗೆ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆ. ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಎದುರಿಗೇ ಕೆಥೆಡ್ರಲ್. 1248ರಲ್ಲಿ ಶುರುವಾಗಿ 1880ರಲ್ಲಿ ಮುಗಿದ ಕಟ್ಟಡ. ಅದರ ಗೋಪುರಕ್ಕೆ 533 ಮೆಟ್ಟಿಲು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿನ ಅರ್ಧ ಅಂತ ಇವರು ಧೈರ್ಯ ಹೇಳಿದರು. ಇಳಿದ ದಿನವೇ, ಮಧ್ಯಾಹ್ನವೇ ಹತ್ತಿದೆವು. ಎರಡು ವರ್ಷದ ಹಿಂದೆ ಅದೇ ಹೊತ್ತಿನಲ್ಲಿ ನಾವು ಗಲ್ಫ್‌ನ ಕುರ್ಚಿಯಲ್ಲಿ ಕೂತಿದ್ದೆವು.

ನೇರ ವಿಮಾನದಲ್ಲಿ ಕಷ್ಟ ಇಲ್ಲ ಅಂತಲ್ಲ. ಹತ್ತು ಗಂಟೆಯ ಹತ್ತಿರ ಒಂದೇ ಕಡೆ ಕೂತರೆ ಕಾಲು ಊದುತ್ತದೆ. ಓಡಾಡುವ ದಾರಿ ಪಕ್ಕದ ಸೀಟು ತೆಗೆದುಕೊಳ್ಳಿ, ಎದ್ದು ನಡೆಯುತ್ತಿರಿ. ಸಸ್ಯಾಹಾರ ಬೇಕಿದ್ದರೆ ಮೊದಲೇ ತಿಳಿಸಿ. ಇಂಡಿಯನ್ ಊಟ ಗಲ್ಫ್ ದಾರಿಯಲ್ಲೇ ಚೆನ್ನಾಗಿತ್ತು, ಅದನ್ನು ಒಪ್ಪುತ್ತೇನೆ. ಬೆಂಗಳೂರಿನಿಂದ ನೇರ ವಿಮಾನ ಇರುವ ಊರುಗಳೂ ಕೆಲವೇ.

ಬಜೆಟ್ ಬಿಗಿ ಇದ್ದವರು ಗಲ್ಫ್ ದಾರಿ ಹಿಡಿದರೆ ತಪ್ಪಿಲ್ಲ. ಆದರೆ ನಡುವೆ ಮೂರು ನಾಲ್ಕು ಗಂಟೆ ಇರಲಿ, ಮಾತ್ರೆ ಕೈಚೀಲದಲ್ಲಿರಲಿ, ಇಳಿದ ದಿನಕ್ಕೆ ಯಾವ ಟಿಕೆಟ್ಟೂ ಬೇಡ. ಬರುವಾಗ ಬೇಕಿದ್ದರೆ ಒಂದೂವರೆ ಗಂಟೆಯದನ್ನೇ ತೆಗೆದುಕೊಳ್ಳಿ. ಆಗ ಎಷ್ಟು ತಡವಾದರೂ ತಪ್ಪಿಹೋಗುವುದು ಏನೂ ಇರುವುದಿಲ್ಲ, ಮನೆ ಅಲ್ಲೇ ಇರುತ್ತದೆ.

ನಾವು ಈಗ ಮತ್ತೆ ಚೀಟಿ ಕಟ್ಟುತ್ತಿದ್ದೇವೆ. ಬೆಂಗಳೂರಿನಿಂದ ಪ್ಯಾರಿಸ್‌ಗೂ ನೇರ ವಿಮಾನ ಇದೆ. ಬುಧವಾರ ಇಳಿದು, ಗುರುವಾರ ಬೆಳಿಗ್ಗೆ ಲೂವ್ರ್.