ಬರದ ವರ್ಷ ಅಂಗಡಿಗೆ ಮಾಡಿದ ಮೂರು ಪ್ರಯತ್ನ: ಮುದ್ರಾ, ಒಡವೆ ಸಾಲ, ಕಂತು ಮುಂದೂಡಿಕೆ

ಬರ ಬಂದರೆ ಬೋರ್‌ವೆಲ್ ಸಾಮಾನಿನ ಅಂಗಡಿಯವನಿಗೆ ಸುಗ್ಗಿ ಅಂದುಕೊಳ್ಳುತ್ತಾರೆ. ಅರ್ಧ ನಿಜ. 2023ರ ಆಗಸ್ಟ್‌ನಲ್ಲಿ ಚಿಂತಾಮಣಿಯ ನನ್ನ ಅಂಗಡಿಯಿಂದ ಪೈಪು, ಕೇಬಲ್ಲು, ಸ್ಟಾರ್ಟರು ಎಲ್ಲಾ ಚೆನ್ನಾಗಿಯೇ ಹೋದವು. ಹೋಗಿದ್ದೆಲ್ಲ ಉದ್ರಿ. 1,200 ಅಡಿ ಕೊರೆಸಿದವರಿಗೂ ಬರೀ ದೂಳು ಬಂತು. ಆ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು ನೋಡಿ, ಆ ಆಸೆಗೆ ಅವರು ಟೊಮೆಟೊ ಹಾಕಿದರು, ಅದೇ ಆಸೆಗೆ ನಾನು ಉದ್ರಿ ಕೊಟ್ಟೆ. "ಬೆಳೆ ದುಡ್ಡು ಬರಲಿ ಅಣ್ಣ, ಮೊದಲು ನಿಮಗೇ" ಅಂದವರಿಗೆ ಬೆಳೆಯೇ ಕೈಗೆ ಬರಲಿಲ್ಲ. ದಸರಾ ಹೊತ್ತಿಗೆ ಉದ್ರಿ ಬುಕ್ಕಿನಲ್ಲಿ ಆರು ಲಕ್ಷ, ಗಲ್ಲಾದಲ್ಲಿ ನಾಲ್ಕು ಸಾವಿರ.

ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಸಾರಿತು. ನಮ್ಮದೂ ಅದರಲ್ಲಿತ್ತು. ಆದರೆ ಪರಿಹಾರ ಪಹಣಿ ನೋಡಿ ಬರುತ್ತದೆ. ಮಳೆಯಾಶ್ರಿತ ಬೆಳೆಗೆ ಆಗ ಇದ್ದದ್ದು ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ. ರೈತರಿಗೆ ಅದೇ ಕಮ್ಮಿ, ಅದರ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ. ಅವರನ್ನೇ ನಂಬಿಕೊಂಡ ಅಂಗಡಿಗೆ ಏನು ಅಂತ ಕೇಳಿದರೆ ಮಾತ್ರ ಯಾರ ಹತ್ತಿರವೂ ಉತ್ತರವಿಲ್ಲ. ಅಮೆರಿಕದಲ್ಲಿ ಬರ ಘೋಷಣೆಯಾದ ಕಡೆ ಇಂಥ ಸಣ್ಣ ವ್ಯಾಪಾರಿಗಳಿಗೆ ಸರ್ಕಾರವೇ ನೇರವಾಗಿ ಸಾಲ ಕೊಡುತ್ತದಂತೆ. ಬಡ್ಡಿ ನೂರಕ್ಕೆ ನಾಲ್ಕು ಮೀರುವುದಿಲ್ಲ, ತೀರಿಸಲು 30 ವರ್ಷದವರೆಗೂ ಟೈಮು. ಓದಿ ಸುಮ್ನೆ ಕೂತೆ.

ಮೊದಲು ಹೋಗಿದ್ದು ಮುದ್ರಾ ಸಾಲಕ್ಕೆ, ಸಣ್ಣ ವ್ಯಾಪಾರಿಗಳಿಗೆ ಅಂತಲೇ ಇರುವ ಕೇಂದ್ರದ ಯೋಜನೆ. 50,000ದವರೆಗೆ ಶಿಶು, ಐದು ಲಕ್ಷದವರೆಗೆ ಕಿಶೋರ, ಹತ್ತು ಲಕ್ಷದವರೆಗೆ ತರುಣ. ಅಡಮಾನ ಬೇಡ, ಅದು ದೊಡ್ಡ ಅನುಕೂಲ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿಗೆ ಒಂದು ಪೈಸೆ ಖರ್ಚಿಲ್ಲ. ಸೈಬರ್ ಸೆಂಟರಿನಲ್ಲಿ 500 ಕೇಳಿದರೆ ಕೊಡಬೇಡಿ, ನಾನು ಕೊಟ್ಟು ಕೆಟ್ಟೆ. ಐದು ಲಕ್ಷ ಕೇಳಿದ್ದೆ, ಆರು ವಾರ ಓಡಾಡಿಸಿ ಮೂರು ಲಕ್ಷ ಕೊಟ್ಟರು. ಬಡ್ಡಿ ನೂರಕ್ಕೆ 11, ಐದು ವರ್ಷ, ತಿಂಗಳಿಗೆ 6,500 ಕಂತು. ಮುಂದಿನ ತಿಂಗಳಿಂದಲೇ ಶುರು! ಆ ದುಡ್ಡಲ್ಲಿ ಹೊಸ ಮಾಲು ತಂದೆ. ಕೊಳ್ಳುವವರು ಯಾರು? ಅಂಗಡಿಯಲ್ಲಿ ಮಾಲು ಇಲ್ಲ ಅನ್ನೋದು ನನ್ನ ಕಷ್ಟವೇ ಆಗಿರಲಿಲ್ಲ ಅಂತ ಆಮೇಲೆ ಹೊಳೆಯಿತು. ಮುದ್ರಾ ಒಳ್ಳೆ ಸಾಲವೇ, ವ್ಯಾಪಾರ ಏರುವ ಕಾಲಕ್ಕೆ.

ಆ ಆರು ವಾರ ದೂಡಲು ಮನೆಯವಳ ಸರ, ಬಳೆ ಬ್ಯಾಂಕಿಗೆ ಹೋದವು. ಒಡವೆ ಸಾಲಕ್ಕೆ ಅರ್ಧ ಗಂಟೆ ಸಾಕು. ಬೆಲೆಯ ಮುಕ್ಕಾಲು ಭಾಗದವರೆಗೆ ಕೊಡುತ್ತಿದ್ದರು. ಒಂದೂವರೆ ಲಕ್ಷ ತಗೊಂಡೆ, ಬಡ್ಡಿ ನೂರಕ್ಕೆ ಒಂಬತ್ತು. ತಿಂಗಳ ಕಂತಿಲ್ಲ, ವರ್ಷಕ್ಕೆ ಬಡ್ಡಿ ಕಟ್ಟಿ ಮುಂದುವರಿಸಬಹುದು. ಲೆಕ್ಕದಲ್ಲಿ ಮುದ್ರಾಕ್ಕಿಂತ ಇದೇ ವಾಸಿ. ಮನೆಯಲ್ಲಿ ಮದುವೆ, ನಾಮಕರಣ ಬಂದಾಗ ಮಾತ್ರ ಲೆಕ್ಕ ಬೇರೆ.

ಮೂರನೆಯದು ಯಾರೂ ಹೇಳದ ದಾರಿ. ಅಂಗಡಿ, ಟೆಂಪೊ ಮೇಲಿನ ಹಳೇ ಸಾಲ ನಾಲ್ಕು ಲಕ್ಷ ಬಾಕಿಯಿತ್ತು, ತಿಂಗಳಿಗೆ 11,000 ಕಂತು. ಅದನ್ನೇ ಮುಂದೂಡಿ ಅಂತ ಕೇಳಲು ಹೋದೆ. "ಅದೆಲ್ಲ ಬೆಳೆ ಸಾಲಕ್ಕೆ ಮಾತ್ರ" ಅಂದರು ಶಾಖೆಯವರು. ಆದರೆ ನೈಸರ್ಗಿಕ ವಿಕೋಪದ ಬಗ್ಗೆ ಆಗ ರಿಸರ್ವ್ ಬ್ಯಾಂಕಿನ 2018ರ ನಿರ್ದೇಶನ ಇತ್ತು. ವ್ಯಾಪಾರಿಗಳು, ಸಣ್ಣ ಕೈಗಾರಿಕೆಯವರು, ಕುಶಲಕರ್ಮಿಗಳ ಸಾಲವನ್ನೂ ಮುಂದೂಡಬೇಕೇ ಅಂತ ರಾಜ್ಯ, ಜಿಲ್ಲಾ ಮಟ್ಟದ ಬ್ಯಾಂಕರುಗಳ ಸಮಿತಿ ನೋಡಬೇಕು, ಆಮೇಲೆ ಬ್ಯಾಂಕು ಒಬ್ಬೊಬ್ಬರ ಖಾತೆ ನೋಡಿ ತೀರ್ಮಾನಿಸಬೇಕು ಅಂತ ಅದರಲ್ಲಿತ್ತು. ಅಂದರೆ ಹಕ್ಕು ಅಂತ ಜಗಳಕ್ಕೆ ನಿಲ್ಲುವ ಹಾಗಿರಲಿಲ್ಲ, ಕೇಳುವುದಕ್ಕೆ ಆಧಾರ ಇತ್ತು. ಆ ಪುಟದ ಪ್ರಿಂಟು, ಬರ ಘೋಷಣೆಯ ಆದೇಶ, ಉದ್ರಿ ಬುಕ್ಕಿನ ಜೆರಾಕ್ಸು, ಎರಡು ವರ್ಷದ ಜಿಎಸ್‌ಟಿ ರಿಟರ್ನ್ಸ್ ಪಕ್ಕಪಕ್ಕ ಇಟ್ಟು ಅರ್ಜಿ ಕೊಟ್ಟೆ. ಅವರ ಮನಸ್ಸು ತಿರುಗಿಸಿದ್ದು ಆ ಜಿಎಸ್‌ಟಿ ಕಾಗದ ಅಂತ ನನ್ನ ಅಂದಾಜು. ವ್ಯಾಪಾರ ಅರ್ಧಕ್ಕಿಳಿದಿದ್ದು ಅದರಲ್ಲಿ ಕಣ್ಣಿಗೆ ಹೊಡೆಯುತ್ತಿತ್ತು.

ನಾಲ್ಕು ಸಲ ತಿರುಗಿದ ಮೇಲೆ ಆರು ತಿಂಗಳ ಕಂತು ಮುಂದಕ್ಕೆ ಹೋಯಿತು. ಪುಕ್ಕಟೆಯೇನಲ್ಲ, ಆ ಆರು ತಿಂಗಳಿಗೆ 22,000ದಷ್ಟು ಬಡ್ಡಿ ಸೇರಿಕೊಂಡಿತು. ಆದರೆ 66,000 ರೂಪಾಯಿ ಕೈಯಲ್ಲೇ ಉಳಿಯಿತು. ಹೋಲ್‌ಸೇಲ್‌ನವನ ಬಾಕಿಗೆ ಒಂದಷ್ಟು ಕೊಟ್ಟೆ, ಹುಡುಗನನ್ನು ಕೆಲಸದಿಂದ ತೆಗೆಯಲಿಲ್ಲ. ಸಾಲ ವಸೂಲಾಗದ ಖಾತೆ ಅಂತಲೂ ಆಗಲಿಲ್ಲ. ನನಗೆ ಬೇಕಿದ್ದದ್ದು ಟೈಮು, ಅದನ್ನು ಕೊಟ್ಟಿದ್ದು ಇದೊಂದೇ.

ಈಗ ಮಾಡುವುದಾದರೆ ಮೊದಲು ಇದನ್ನೇ ಕೇಳುತ್ತೇನೆ. ಬರ ಘೋಷಣೆಯಾಗಿ ಮೂರು ತಿಂಗಳೊಳಗೆ ಮುಗಿಸಬೇಕು ಅಂತ ಆ ನಿರ್ದೇಶನದಲ್ಲಿತ್ತು. ಮುದ್ರಾ ಹಿಂದೆ ಓಡಾಡಿ ನಾನು ಕೊನೇ ವಾರದಲ್ಲಿ ಹೋಗಿ ನಿಂತಿದ್ದೆ. ಕೈಗಡಕ್ಕೆ ಒಡವೆ ಎರಡನೆಯದು. ಮುದ್ರಾ ಮಳೆ ಬಂದ ಮೇಲೆ. ಪಿಎಂಇಜಿಪಿ (ಕೇಂದ್ರದ ಸಬ್ಸಿಡಿ ಸಾಲದ ಯೋಜನೆ) ಅಂತ ಯಾರಾದರೂ ಹೇಳಿದರೆ ಓಡಾಡಬೇಡಿ, ಅದು ಮುಖ್ಯವಾಗಿ ಹೊಸದಾಗಿ ಶುರು ಮಾಡುವವರಿಗೆ.

2024ರಲ್ಲಿ ಮಳೆ ಚೆನ್ನಾಗಿ ಬಂತು, ಉದ್ರಿಯಲ್ಲಿ ಅರ್ಧ ವಾಪಸ್ ಬಂದಿದೆ. ಬಳೆ ಬಿಡಿಸಿದ್ದಾಯಿತು. ಸರ ಇನ್ನೂ ಬ್ಯಾಂಕಿನಲ್ಲೇ ಇದೆ. ಅದರ ಬಡ್ಡಿ ಕಟ್ಟೋ ತಾರೀಕು ನನಗಿಂತ ಮೊದಲು ಅವಳಿಗೇ ನೆನಪಾಗುತ್ತದೆ.